ಕೊಟ್ಟಿಗೆಯಲ್ಲಿ ನಿಂತ ಮಿಲಿಟರಿ ಗಾಡಿ: ಮಲೆನಾಡಿನಲ್ಲಿ ಮನೆಯಲ್ಲೇ ರಿಪೇರಿ ಮಾಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಮಲೆನಾಡಿನಲ್ಲಿ ಹಳೇ ಮಿಲಿಟರಿ ಗಾಡಿ ಅಂದರೆ ಮ್ಯೂಸಿಯಂ ಸಾಮಾನಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಜೀಪು, ಲಾರಿಗಳು ಘಟ್ಟದ ಕಡೆಗೂ ಬಂದವು. ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಎಳೆತ) ಇದ್ದಿದ್ದರಿಂದ ಕೆಸರಿನಲ್ಲಿ ನಾಟಾ ಎಳೆಯಲು, ತೋಟಕ್ಕೆ ಗೊಬ್ಬರ ಹೊರಲು ಒದಗಿದವು. ಆಮೇಲೆ ಜಬಲ್ಪುರದ ಸೇನಾ ಕಾರ್ಖಾನೆಯ ಗಾಡಿಗಳ ಕಾಲ ಬಂತು. ಜರ್ಮನಿಯ ಮಾನ್ ಕಂಪನಿಯ ಲೈಸೆನ್ಸಿನಲ್ಲಿ 1959ರಿಂದ ತಯಾರಾದ ಶಕ್ತಿಮಾನ್ ಲಾರಿ, ನಿಸ್ಸಾನ್ ವಿನ್ಯಾಸದ ಜೋಂಗಾ ಜೀಪು, ಒಂದು ಟನ್ನಿನ ನಿಸ್ಸಾನ್ ಕ್ಯಾರಿಯರ್. ಸೇನೆಯ ಕೆಲಸ ಮುಗಿಸಿ ಇವೂ ಹರಾಜಿನಲ್ಲಿ ಊರು ಸೇರಿದವು.

ಇಂಥ ಗಾಡಿಯನ್ನು ಮನೆಯಲ್ಲೇ ಎಬ್ಬಿಸಬಹುದು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ವರ್ಕ್‌ಶಾಪ್ ಇಲ್ಲದ ಜಾಗದಲ್ಲೂ ಸಿಪಾಯಿ ನಾಲ್ಕು ಪಾನಾ ಹಿಡಿದು ಬಿಚ್ಚಿ ಕಟ್ಟುವಂತೆ ಮಾಡಿದ ಗಾಡಿಗಳಿವು. ಆದರೆ ಬಯಲುಸೀಮೆಯವರ ಲೆಕ್ಕ ನಮಗೆ ಆಗಿಬರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದಲ್ಲೂ ಜೂನ್‌ನಿಂದ ಸೆಪ್ಟೆಂಬರ್ ತನಕ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬಣ್ಣ ಒಣಗುತ್ತಾ? ಹಾಗಾಗಿ ಕೆಲಸವನ್ನು ಮಳೆ ನೋಡಿ ಹಂಚಿಕೊಳ್ಳಿ. ತಗಡು, ತುಕ್ಕು, ಬಣ್ಣ ಇವೆಲ್ಲ ಬೇಸಿಗೆಗೆ. ಇಂಜಿನ್, ಗೇರ್ ಬಾಕ್ಸ್, ವೈರಿಂಗ್ ಮಳೆಗಾಲಕ್ಕೆ, ಸೂರಿನಡಿಯಲ್ಲಿ.

ಕೊಳ್ಳಲು ಒಳ್ಳೆಯ ಹೊತ್ತು ಅಂದರೆ ಮಳೆ ಮುಗಿದ ಕೂಡಲೇ. ಎಲ್ಲೆಲ್ಲಿ ನೀರು ನಿಲ್ಲುತ್ತದೆ ಅನ್ನುವುದು ಆಗ ಕಣ್ಣಿಗೇ ಕಾಣುತ್ತದೆ. ಒಂದು ಮಾತು ನೆನಪಿರಲಿ, ಅಡಿಕೆ ಕೊಯ್ಲು ಶುರುವಾದರೆ ಮನೆ ಅಂಗಳ ನಿಮ್ಮದಲ್ಲ. ಗಾಡಿ ಬಿಚ್ಚಿಡಲು ಬೇರೆ ಜಾಗ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಒಣಗಲು ಹರಡಿದ ಅಡಿಕೆ ಪಕ್ಕ ಗೇರ್ ಆಯಿಲ್ ಚೆಲ್ಲಿ ಮನೆಯವರ ಹತ್ತಿರ ಬೈಸಿಕೊಳ್ಳುತ್ತೀರಿ.

ಗಾಡಿಗಿಂತ ಮೊದಲು ಕಾಗದ

ಹರಾಜಿನಲ್ಲಿ ಕೊಂಡ ಗಾಡಿಯಾದರೆ ಸೇನೆ ಕೊಟ್ಟ ಮಾರಾಟದ ಕಾಗದ ಬೇಕು. ಈಗಾಗಲೇ ನೋಂದಣಿಯಾಗಿದ್ದರೆ ಆರ್‌ಸಿ ಬೇಕು. ಅದರಲ್ಲಿರುವ ಚಾಸಿ ನಂಬರು, ಇಂಜಿನ್ ನಂಬರು ಗಾಡಿಯ ಮೇಲಿನದಕ್ಕೆ ಹೊಂದಬೇಕು. ನಂಬರಿರುವ ಜಾಗವನ್ನು ಗ್ರೈಂಡರ್ ಹಾಕಿ ಕೆರೆಯಬೇಡಿ. ಡೀಸೆಲ್ಲಿನಲ್ಲಿ ನೆನೆಸಿ ಬ್ರಷ್‌ನಿಂದ ಉಜ್ಜಿದರೆ ಅಕ್ಷರ ಮೇಲೆ ಬರುತ್ತದೆ. ನಮ್ಮ ಕಡೆಯ ಎಷ್ಟೋ ಗಾಡಿಗಳಿಗೆ ಮೂಲ ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಇಂಜಿನ್ ಕೂರಿಸಿದ್ದಾರೆ. ಆ ಬದಲಾವಣೆ ಆರ್‌ಸಿಯಲ್ಲಿ ಏರಿದೆಯಾ ನೋಡಿ. ಏರಿಲ್ಲ ಅಂದರೆ ಮುಂದೆ ತಲೆನೋವು.

2021ರಲ್ಲಿ ವಿಂಟೇಜ್ ಗಾಡಿಗಳಿಗೆ ಬೇರೆಯದೇ ನೋಂದಣಿ ನಿಯಮ ಬಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿಗಳಿಗೆ ಅದು ಅನ್ವಯ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷಕ್ಕೆ ಮಾನ್ಯ, ಆಮೇಲೆ ನವೀಕರಣಕ್ಕೆ 5,000. ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ. ಆದರೆ ಆ ಗಾಡಿಯಲ್ಲಿ ದಿನಾ ಪೇಟೆಗೆ ಹೋಗುವ ಹಾಗಿಲ್ಲ, ಬಾಡಿಗೆಗೆ ಬಿಡುವ ಹಾಗೂ ಇಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು, ಇಷ್ಟಕ್ಕೇ. ಜೀಪಿಗೆ ಈ ದಾರಿ ಹೊಂದಬಹುದು, ಸರಕು ಲಾರಿಗೆ ಅಷ್ಟು ಸಲೀಸಲ್ಲ. ಅಡ್ವಾನ್ಸ್ ಕೊಡುವ ಮುಂಚೆಯೇ ಶಿವಮೊಗ್ಗದ್ದೋ ಸಾಗರದ್ದೋ ಆರ್‌ಟಿಓ ಕಚೇರಿಗೆ ಹೋಗಿ ಕೇಳಿಬಿಡಿ.

ನೋಡಬೇಕಾದ ಜಾಗಗಳು

ಬಣ್ಣ ನೋಡಬೇಡಿ, ಗಾಡಿಯ ಕೆಳಗೆ ನುಗ್ಗಿ. ಚಾಸಿಯ ಮೂಲೆಯಿಂದ ಎದುರಿನ ಓರೆ ಮೂಲೆಗೆ, ಎರಡೂ ಓರೆಯಲ್ಲಿ, ಟೇಪು ಹಿಡಿಯಿರಿ. ಎರಡೂ ಅಳತೆ ಒಂದೇ ಬರಬೇಕು. ನಾಟಾ ಹೊತ್ತ ಲಾರಿಗಳ ಚಾಸಿಯನ್ನು ಕತ್ತರಿಸಿ ಉದ್ದ ಮಾಡಿರುವುದುಂಟು. ಆ ಬೆಸುಗೆಯ ಹತ್ತಿರ ಬಿರುಕಿದೆಯಾ ಅಂತ ಟಾರ್ಚ್ ಹಿಡಿದು ನೋಡಿ.

ಜೀಪು ತೋಟದಲ್ಲಿ ದುಡಿದಿದ್ದರೆ ಇನ್ನೊಂದು ಪ್ರಶ್ನೆ ಕೇಳಿ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಡ್ರಮ್ಮು ಹೊತ್ತಿದೆಯಾ? ಕೊಳೆ ರೋಗಕ್ಕೆ ಹೊಡೆಯುವ ಮೈಲುತುತ್ತ ಕಬ್ಬಿಣಕ್ಕೆ ದೊಡ್ಡ ಶತ್ರು. ದ್ರಾವಣ ಚೆಲ್ಲಿದ ಕಡೆ ತಾಮ್ರ ಕಬ್ಬಿಣದ ಮೇಲೆ ಕೂತು, ಬರೀ ನೀರಿಗಿಂತ ಬೇಗ ತಗಡನ್ನು ತಿನ್ನುತ್ತದೆ. ಹಿಂದಿನ ಫ್ಲೋರು ಮೇಲೆ ಗಟ್ಟಿಯಾಗಿ ಕಂಡರೂ ಸ್ಕ್ರೂ ಡ್ರೈವರ್ ಚುಚ್ಚಿ ನೋಡಿ.

ಯುದ್ಧಕಾಲದ ವಿಲ್ಲಿಸ್, ಫೋರ್ಡ್ ಜೀಪುಗಳಲ್ಲಿ ಫ್ಲೋರಿನ ಅಡಿಗೆ ಟೊಪ್ಪಿಯಾಕಾರದ ಪಟ್ಟಿಗಳಿವೆ. ಅದರೊಳಗೆ ಮರದ ತುಂಡು ಇಟ್ಟಿರುತ್ತಾರೆ. ನಮ್ಮ ಮಳೆಗೆ ಆ ಮರ ನೀರು ಹೀರಿ ಹಾಗೇ ಕೂರುತ್ತದೆ, ಪಟ್ಟಿ ಒಳಗಿಂದ ಹೋಗುತ್ತದೆ. ಡ್ರೈವರ್ ಸೀಟಿನಡಿ ಪೆಟ್ರೋಲ್ ಟ್ಯಾಂಕ್ ಕೂರುವ ಗುಂಡಿಯ ಕತೆಯೂ ಇಷ್ಟೇ. ಈ ಎರಡು ಕಡೆ ಚೆನ್ನಾಗಿದ್ದರೆ ಉಳಿದದ್ದನ್ನು ನಂಬಬಹುದು.

ಇಂಜಿನ್ ಜಾಮ್ ಆಗಿದೆ ಅಂತ ಗಾಡಿ ಬಿಡಬೇಡಿ. ಅದನ್ನು ಬಿಡಿಸಬಹುದು. ಕಾಗದ ಇಲ್ಲದ್ದು, ಚಾಸಿ ಸೊಟ್ಟ ಆದದ್ದು, ಸಾಮಾನು ಅರ್ಧಕ್ಕರ್ಧ ಗುಜರಿಗೆ ಹೋದದ್ದು, ಈ ಮೂರನ್ನು ಮಾತ್ರ ಬಿಡಿ.

ಬಿಚ್ಚುವುದು

ಮೊದಲು ಫೋಟೋ. ಪ್ರತಿ ಪೈಪು, ವೈರು, ಬ್ರಾಕೆಟ್ಟನ್ನು ಎರಡು ಮೂರು ಕಡೆಯಿಂದ ತೆಗೆಯಿರಿ. ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ, ಯಾವ ಜಾಗದ್ದು ಅಂತ ಬರೆದು ಚೀಟಿ ಹಾಕಿ. ಅಮೆರಿಕದ ಗಾಡಿಗಳ ಬೋಲ್ಟುಗಳು ಇಂಚಿನ ಲೆಕ್ಕದವು. ಮಿಲಿಮೀಟರ್ ಪಾನಾ ಹಾಕಿ ತಿರುವಿದರೆ ತಲೆ ದುಂಡಾಗುತ್ತದೆ. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿರಿ. ಆಮೇಲೂ ಬರಲಿಲ್ಲ ಅಂದರೆ ಗ್ಯಾಸಿನಿಂದ ಬಿಸಿ ಮಾಡಿ.

ಗಾಡಿಯಡಿ ಮಲಗುವ ವಿಚಾರದಲ್ಲಿ ಹುಡುಗಾಟ ಬೇಡ. ಸಣ್ಣ ಜೀಪೇ ಒಂದು ಟನ್ ತೂಗುತ್ತದೆ. ಜಾಕಿ ಇರುವುದು ಎತ್ತಲಿಕ್ಕೆ, ಹಿಡಿದಿಟ್ಟುಕೊಳ್ಳಲಿಕ್ಕಲ್ಲ. ಗಟ್ಟಿ ಸ್ಟ್ಯಾಂಡ್ ಅಥವಾ ಅಡ್ಡಡ್ಡ ಪೇರಿಸಿದ ಮರದ ದಿಮ್ಮಿ ಕೊಡಿ. ಮಣ್ಣಿನ ಅಂಗಳದಲ್ಲಾದರೆ ಕೆಳಗೆ ಅಗಲದ ಹಲಗೆ ಹಾಕಿ. ಜೊತೆಗೆ ಇನ್ನೊಂದು ವಿಷಯ. ಈ ಜೀಪುಗಳ ಹ್ಯಾಂಡ್ ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಗೇರ್ ಬಾಕ್ಸಿನ ಹಿಂದೆ ಹಿಂಬದಿ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ಎತ್ತಿದರೆ ಸಾಕು, ಡಿಫರೆನ್ಷಿಯಲ್ (ಎರಡು ಕಡೆಗೆ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರು) ಮೂಲಕ ಆ ಚಕ್ರ ಸುತ್ತುತ್ತದೆ, ಬ್ರೇಕು ಇದ್ದೂ ಇಲ್ಲದಂತೆ. ಉಳಿದ ಚಕ್ರಗಳಿಗೆ ಮುಂದೆ ಹಿಂದೆ ಕಟ್ಟೆ ಕೊಡದೆ ಜಾಕಿ ಮುಟ್ಟಬೇಡಿ.

ವೀಲ್ ನಟ್ಟಿನಲ್ಲೂ ಒಂದು ಮೋಸವಿದೆ. ವಿಲ್ಲಿಸ್ ಮತ್ತು ಆ ಕಾಲದ ಹಲವು ಅಮೆರಿಕನ್ ಗಾಡಿಗಳ ಎಡಗಡೆ ಚಕ್ರದ ನಟ್ಟುಗಳು ಉಲ್ಟಾ ಮರೆಯವು (ಥ್ರೆಡ್). ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಪಂಕ್ಚರ್ ಅಂಗಡಿಯಲ್ಲಿ ಪೈಪು ಹಾಕಿ ಎಡಕ್ಕೆ ಎಳೆದು ಸ್ಟಡ್ ಮುರಿಯುವುದು ಇದರಿಂದಲೇ.

ಚಕ್ರ: ಜೀವಕ್ಕೆ ಸಂಬಂಧಿಸಿದ್ದು

ಈ ಭಾಗವನ್ನು ಎರಡು ಸಲ ಓದಿ. ಮಿಲಿಟರಿ ಜೀಪು, ಡಾಡ್ಜ್ ಗಾಡಿಗಳಲ್ಲಿ ಕಾಂಬ್ಯಾಟ್ ರಿಮ್ ಇರುತ್ತದೆ. ರಿಮ್ಮಿನ ಎರಡು ಹೋಳುಗಳನ್ನು ಸುತ್ತಲೂ ಬೋಲ್ಟ್ ಹಾಕಿ ಜೋಡಿಸಿರುತ್ತಾರೆ. ಚಕ್ರವನ್ನು ಹಬ್ಬಿಗೆ ಹಿಡಿದ ನಟ್ಟುಗಳು ಬೇರೆ, ಹೋಳುಗಳನ್ನು ಹಿಡಿದ ನಟ್ಟುಗಳು ಬೇರೆ. ಗಾಳಿ ತುಂಬಿದ ಟೈರಿನಲ್ಲಿ ಈ ಎರಡನೆಯದನ್ನು ಸಡಿಲಿಸಿದರೆ ರಿಮ್ ಸಿಡಿಯುತ್ತದೆ. ಎದುರಿಗೆ ನಿಂತವರು ಉಳಿಯುವುದು ಕಷ್ಟ. ದೊಡ್ಡ ಲಾರಿಗಳ ಲಾಕ್ ರಿಂಗ್ (ಟೈರನ್ನು ರಿಮ್ಮಿನಲ್ಲಿ ಹಿಡಿದಿಡುವ ಬಳೆ) ಕೂಡ ಹೀಗೇ ಹಾರುತ್ತದೆ.

ಆದ್ದರಿಂದ ಟೈರು ಚಪ್ಪಟೆಯಾಗಿ ಕಂಡರೂ ವಾಲ್ವಿನ ಪಿನ್ನನ್ನು ಪೂರ್ತಿ ತೆಗೆಯಿರಿ. ಆ ತೂತಿಗೆ ತಂತಿ ಹಾಕಿ ಕಸ ಕಟ್ಟಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೇ ಪಾನಾ ಹಚ್ಚಿ. ತುಕ್ಕು ತಿಂದ, ಬಿರುಕು ಬಿಟ್ಟ ರಿಮ್ಮಿಗೆ ಬೆಸುಗೆ ಹಾಕಿಸಬೇಡಿ, ಗುಜರಿಗೆ ಕೊಡಿ. ವಾಪಸ್ ಗಾಳಿ ತುಂಬುವಾಗ ಚಕ್ರವನ್ನು ಕಬ್ಬಿಣದ ಪಂಜರದಲ್ಲಿಡಿ, ಉದ್ದ ಪೈಪು, ತಾನೇ ಕಚ್ಚಿಕೊಳ್ಳುವ ಕ್ಲಿಪ್ಪು ಬಳಸಿ, ದೂರ ಪಕ್ಕಕ್ಕೆ ನಿಲ್ಲಿ. ಪಂಜರ ಇಲ್ಲದ ಅಂಗಡಿಯಾದರೆ ಬೇರೆ ಅಂಗಡಿ ಹುಡುಕಿ.

ತುಕ್ಕು ತೆಗೆಯುವ ಮೂರು ದಾರಿ

ದೊಡ್ಡ ಭಾಗಗಳಿಗೆ ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಉಜ್ಜುವುದೇ ಸುಲಭ. ಕನ್ನಡಕ ಕಡ್ಡಾಯ. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ, ಅದಕ್ಕೇ ಬಣ್ಣವಿರುವ ಕಡೆ ಗ್ರೈಂಡರ್ ಬಿಟ್ಟು, ಒಣ ಧೂಳು ಎಬ್ಬಿಸದೆ ನೀರು ಹಾಕಿ ಕೈಯಲ್ಲೇ ಉಜ್ಜಿ, ಒಳ್ಳೆಯ ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ. ಮರಳು ಊದಿಸುವ ಆಸೆ ಎಲ್ಲರಿಗೂ ಬರುತ್ತದೆ. ಹೊಳೆ ಮರಳಿನ ಧೂಳು ಶ್ವಾಸಕೋಶವನ್ನೇ ಹಾಳು ಮಾಡುತ್ತದೆ, ಮನೆಯಲ್ಲಿ ಅದು ಬೇಡವೇ ಬೇಡ. ತೆಳು ತಗಡಾದರೆ ಸೊಟ್ಟಗೂ ಆಗುತ್ತದೆ. ಚಾಸಿಯನ್ನು ಮಾತ್ರ ಬೇಕಾದರೆ ಪೇಟೆಯ ಬ್ಲಾಸ್ಟಿಂಗ್ ಶೆಡ್ಡಿಗೆ ಕಳಿಸಿ.

ಬ್ರಾಕೆಟ್, ಬೋಲ್ಟು, ಬ್ರೇಕ್ ಡ್ರಮ್ಮಿನಂಥ ಸಣ್ಣ ಸಾಮಾನಿಗೆ ನನಗೆ ಇಷ್ಟವಾದದ್ದು ಕಾಕಂಬಿ. ದನದ ಮೇವಿಗೆ ಬೆರೆಸಲು ಸಿಗುತ್ತಲ್ಲ, ಅದೇ. ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸಾಮಾನು ಮುಳುಗಿಸಿಡಿ. ಎರಡು ಮೂರು ವಾರದಲ್ಲಿ ತುಕ್ಕು ಕರಗಿ ಬೂದು ಕಬ್ಬಿಣ ಕಾಣುತ್ತದೆ. ಒಳ್ಳೆಯ ಕಬ್ಬಿಣಕ್ಕೆ ಹೆಚ್ಚೇನೂ ಆಗುವುದಿಲ್ಲ. ಆದರೆ ಅಲ್ಯುಮಿನಿಯಂ, ಸತು ಇರುವ ಭಾಗ ಹಾಕಬೇಡಿ, ತಿಂದುಹಾಕುತ್ತದೆ. ವಾಸನೆಯೂ ಜೋರು. ಅಡುಗೆಮನೆ ಕಿಟಕಿಯಿಂದ ದೂರವಿಡಿ, ಹಸು ಬಾಯಿ ಹಾಕದ ಹಾಗೆ ಮುಚ್ಚಿ.

ಬೇಗ ಆಗಬೇಕಾದರೆ ಕರೆಂಟಿನ ದಾರಿ ಇದೆ. ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ತುಂಬಿ, ಹತ್ತು ಲೀಟರಿಗೆ ಎರಡು ಮೂರು ದೊಡ್ಡ ಚಮಚ ಒಗೆಯುವ ಸೋಡಾ ಕರಗಿಸಿ. ಹಳೇ ಮಾದರಿಯ ಬ್ಯಾಟರಿ ಚಾರ್ಜರಿನ ನೆಗೆಟಿವ್ ವೈರು ತುಕ್ಕಿನ ಸಾಮಾನಿಗೆ, ಪಾಸಿಟಿವ್ ವೈರು ಒಂದು ಹಳೇ ಕಬ್ಬಿಣದ ತುಂಡಿಗೆ. ಎರಡೂ ತಾಗಬಾರದು. ಪಾಸಿಟಿವ್ ಕಡೆಗೆ ಸ್ಟೀಲಿನ ಚಮಚ, ತಟ್ಟೆ ಬಳಸಬೇಡಿ, ಅದರಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಗುಳ್ಳೆಯಲ್ಲಿ ಹೈಡ್ರೋಜನ್ ಇರುತ್ತದೆ, ಅದಕ್ಕೆ ಬಯಲಿನಲ್ಲೇ ಮಾಡಿ. ಬೀಡಿ ಸೇದುವವರನ್ನು ಹತ್ತಿರ ಬಿಡಬೇಡಿ.

ತೂತು ಬಿದ್ದ ತಗಡಿಗೆ ಪುಟ್ಟಿ ಮೆತ್ತುವುದು ನಮ್ಮಲ್ಲಿ ನಡೆಯುವುದಿಲ್ಲ. ಒಂದು ಮಳೆಗಾಲಕ್ಕೆ ಉಬ್ಬಿ ಬೀಳುತ್ತದೆ. ಕೊಳೆತದ್ದನ್ನು ಗಟ್ಟಿ ತಗಡು ಸಿಗುವ ತನಕ ಕತ್ತರಿಸಿ, ಅದೇ ದಪ್ಪದ ತಗಡು ಬೆಸುಗೆ ಹಾಕಿಸಿ. ಜೀಪಿನ ಫ್ಲೋರ್ ಪಟ್ಟಿಯೊಳಗಿನ ಮರವನ್ನು ಹಾಗೇ ಬಿಡಬೇಡಿ. ಅಗಸೆ ಎಣ್ಣೆ ಕುಡಿಸಿ ಒಣಗಿಸಿದ ಸಾಗುವಾನಿ ತುಂಡು ಚೆನ್ನಾಗಿ ಬಾಳುತ್ತದೆ. ನೀರು ಹೋಗುವ ತೂತುಗಳನ್ನು ಟಿಂಕರ್ ಕೆಲಸದವರು ಮುಚ್ಚಿಬಿಡುತ್ತಾರೆ. ಮತ್ತೆ ಕೊರೆಸಿ.

ಬಣ್ಣ

ಜನವರಿಯಿಂದ ಮಾರ್ಚ್ ತನಕ ಬಣ್ಣಕ್ಕೆ ಒಳ್ಳೆಯ ಕಾಲ. ಬೆಳಗ್ಗೆ ಇಬ್ಬನಿ ಆರಿ ತಗಡು ಸ್ವಲ್ಪ ಬೆಚ್ಚಗಾದ ಮೇಲೆ ಶುರು ಮಾಡಿ, ಸಂಜೆ ತಂಪು ಇಳಿಯುವ ಮುಂಚೆ ನಿಲ್ಲಿಸಿ. ಉಜ್ಜಿದ ಕಬ್ಬಿಣವನ್ನು ರಾತ್ರಿ ಬರಿಮೈಯಲ್ಲಿ ಬಿಡಬೇಡಿ, ಬೆಳಗಾಗುವಷ್ಟರಲ್ಲಿ ಕೆಂಪಾಗಿರುತ್ತದೆ. ಎಪಾಕ್ಸಿ ಪ್ರೈಮರ್ ನೀರನ್ನು ಚೆನ್ನಾಗಿ ತಡೆಯುತ್ತದೆ. ರೆಡ್ ಆಕ್ಸೈಡ್ ಹಚ್ಚಿ ಮೇಲ್ಬಣ್ಣ ಇಲ್ಲದೆ ಮಳೆಗಾಲ ಕಳೆಯುವವರಿದ್ದಾರೆ. ಅದು ತೇವ ಹೀರುತ್ತದೆ, ಅಡಿಯಲ್ಲಿ ಮತ್ತೆ ತುಕ್ಕು. ಮೇಲ್ಬಣ್ಣಕ್ಕೆ ಸಾದಾ ಎನಾಮೆಲ್ ಸಾಕು. ಹಾರ್ಡ್‌ನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣದ ಹಬೆಗೆ ಬಟ್ಟೆ ಮಾಸ್ಕ್ ತಡೆಯಾಗುವುದಿಲ್ಲ, ಅದನ್ನು ಬೂತ್ ಇರುವವರಿಗೆ ಬಿಡಿ.

ಯಾವ ಬಣ್ಣ? ಎಲ್ಲರೂ ಆಲಿವ್ ಗ್ರೀನ್ ಅನ್ನುತ್ತಾರೆ. ಆದರೆ ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ರಕ್ಷಣಾ ಇಲಾಖೆಯ ಗಾಡಿ ಬಿಟ್ಟು ಬೇರೆ ಯಾವುದಕ್ಕೂ ಆ ಬಣ್ಣ ಬಳಿಯುವಂತಿಲ್ಲ. ಬೂದು, ಮರಳು ಬಣ್ಣ, ನೀಲಿ, ನಿಮಗೆ ಯಾವುದು ಇಷ್ಟವೋ ಅದು. ಮೇಲ್ಮುಖ ಬಾಣದ ಸೇನಾ ನಂಬರು, ರೆಜಿಮೆಂಟಿನ ಗುರುತು ಬರೆಸುವ ಶೋಕಿಯೂ ಬೇಡ. ಚೆಕ್‌ಪೋಸ್ಟಿನಲ್ಲಿ ವಿವರಿಸುತ್ತಾ ನಿಲ್ಲಬೇಕಾಗುತ್ತದೆ.

ಇಂಜಿನ್ನಿಗಿಂತ ಮೊದಲು ಬ್ರೇಕು

ಇಂಜಿನ್ ಸ್ಟಾರ್ಟ್ ಆದ ದಿನ ಯಾರಿಗೂ ತಾಳ್ಮೆ ಇರುವುದಿಲ್ಲ, ಒಂದು ರೌಂಡ್ ಹೋಗೋಣ ಅನ್ನಿಸುತ್ತದೆ. ಮಲೆನಾಡಿನಲ್ಲಿ ಮನೆಯಿಂದ ರಸ್ತೆಗೆ ಹೋಗುವುದೇ ಒಂದು ಇಳಿಜಾರು. ಹಾಗಾಗಿ ಬ್ರೇಕು ಮೊದಲು.

ಡ್ರಮ್ ತೆಗೆದಾಗ ಸಿಗುವ ಧೂಳನ್ನು ಗಾಳಿ ಹೊಡೆದು ಊದಬೇಡಿ. ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ. ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರಿನ ರಬ್ಬರುಗಳನ್ನು ಒಂದೂ ಬಿಡದೆ ಬದಲಿಸಿ, ಹೋಸ್ ಪೈಪುಗಳನ್ನೂ ಸೇರಿಸಿ. ಸಿಲಿಂಡರಿನ ಒಳಗೆ ತುಕ್ಕಿನ ಗುಳಿ ಬಿದ್ದಿದ್ದರೆ ಲೇತ್‌ನಲ್ಲಿ ಸ್ಲೀವ್ ಹಾಕಿಸಬಹುದು. ಈ ವಿಚಾರದಲ್ಲಿ ನಾವು ಅದೃಷ್ಟವಂತರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ದೆಸೆಯಿಂದ ಈ ಭಾಗದಲ್ಲಿ ಲೇತ್ ಕೆಲಸ ಬಲ್ಲ ಹಿರಿಯರಿದ್ದಾರೆ, ಮಾಚೇನಹಳ್ಳಿಯಲ್ಲಿ ಫೌಂಡ್ರಿಗಳಿವೆ. ಸಿಗದ ಬುಷ್, ಪಿನ್ನುಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತುವ ಮೊದಲು ಹಳೇ ಸ್ಯಾಂಪಲ್ ಹಿಡಿದು ಇಲ್ಲೇ ವಿಚಾರಿಸಿ.

ಬ್ರೇಕ್ ಲೈನಿಗೆ ಫ್ರಿಜ್ಜಿನ ತಾಮ್ರದ ಪೈಪು ಹಾಕಿಕೊಡುವವರಿದ್ದಾರೆ, ಒಪ್ಪಬೇಡಿ. ಬ್ರೇಕಿಗೆಂದೇ ಬರುವ ಸ್ಟೀಲ್ ಪೈಪು ಬೇಕು. ಆಯಿಲ್ ತುಂಬಿ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡಿ ಹತ್ತಿರದ್ದಕ್ಕೆ ಬನ್ನಿ. ವಿಲ್ಲಿಸ್ ಜೀಪಿನ ಪೆಡಲಿಗೆ ಅರ್ಧ ಇಂಚು ಆಟ ಇರಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಹವೆಯಲ್ಲಿ ಇನ್ನೂ ಬೇಗ. ವರ್ಷಕ್ಕೊಮ್ಮೆ ಮಳೆ ಮುಗಿದ ಮೇಲೆ ಬದಲಿಸಿ. ಯುದ್ಧಕಾಲದ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು, ಒಂದು ಕಡೆ ಸೋರಿದರೆ ಪೂರಾ ಬ್ರೇಕ್ ಹೋಯಿತು ಅಂತಲೇ ತಿಳಿಯಿರಿ.

ಮಳೆಗಾಲದ ಕೆಲಸ: ಇಂಜಿನ್, ಗೇರ್ ಬಾಕ್ಸ್, ವೈರು

ವರ್ಷಗಟ್ಟಲೆ ನಿಂತ ಇಂಜಿನ್ನಿಗೆ ಸೆಲ್ಫ್ ಹೊಡೆಯಬೇಡಿ, ಗಾಡಿ ಎಳೆದು ಸ್ಟಾರ್ಟ್ ಮಾಡಲೂ ಹೋಗಬೇಡಿ. ಮೊದಲು ಇಂಜಿನ್ ಅಡಿಯ ಆಯಿಲ್ ಸಂಪಿನ ಬೋಲ್ಟ್ ಸಡಿಲಿಸಿ. ಆಯಿಲ್‌ಗಿಂತ ಮುಂಚೆ ನೀರು ಬಂದರೆ ಹೆಡ್, ಬ್ಲಾಕ್ ಎರಡನ್ನೂ ಬಿಚ್ಚಿ ನೋಡಲೇಬೇಕು. ನೀರಿಲ್ಲದಿದ್ದರೆ ಪ್ಲಗ್ ತೆಗೆದು, ಪ್ರತಿ ಸಿಲಿಂಡರಿಗೆ ತೆಳು ಎಣ್ಣೆ ಬಿಟ್ಟು ಕೆಲವು ದಿನ ಬಿಡಿ. ಆಮೇಲೆ ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿ ನೋಡಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ, ಸುತ್ತಿ ಹಿಡಿಯಬೇಡಿ. ಸ್ಟಾರ್ಟ್ ಆಗುವಾಗ ವಾಪಸ್ ಒದ್ದರೆ ಹೆಬ್ಬೆರಳು ಮುರಿಯುತ್ತದೆ.

ತಿರುಗಿದ ಮೇಲೆ ಕಂಪ್ರೆಷನ್ ನೋಡಿ. ವಿಲ್ಲಿಸ್‌ನ 2.2 ಲೀಟರ್, ನಾಲ್ಕು ಸಿಲಿಂಡರಿನ ಇಂಜಿನ್ನಿಗೆ ಪಾಯಿಂಟ್ ಗ್ಯಾಪ್ 0.020 ಇಂಚು, ಪ್ಲಗ್ ಗ್ಯಾಪ್ 0.030 ಇಂಚು, ಫೈರಿಂಗ್ ಆರ್ಡರ್ (ಸಿಲಿಂಡರುಗಳು ಹೊತ್ತಿಕೊಳ್ಳುವ ಸರದಿ) 1-3-4-2. ಟ್ಯಾಂಕಿನಲ್ಲಿರುವ ಹಳೇ ಪೆಟ್ರೋಲಿನ ಆಸೆ ಬಿಡಿ. ಖಾಲಿ ಟ್ಯಾಂಕೇ ತುಂಬಿದ್ದಕ್ಕಿಂತ ಅಪಾಯ. ಒಳಗಿನ ಆವಿ ಸಾಕು, ಬೆಸುಗೆ ಹಚ್ಚಿದರೆ ಬಾಂಬಿನಂತೆ ಸಿಡಿಯುತ್ತದೆ. ಆ ಕೆಲಸ ಬಲ್ಲ ಟ್ಯಾಂಕ್ ರಿಪೇರಿಯವರಿಗೇ ಕೊಡಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ ಅದಕ್ಕೆ ಮೆತ್ತಗಾಗುತ್ತವೆ. ಎಥೆನಾಲ್ ತಡೆಯುವಂಥವನ್ನೇ ಕೇಳಿ ಹಾಕಿಸಿ.

ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಪೆಟ್ಟಿಗೆ), ಎರಡೂ ಆಕ್ಸಲ್ ಹೌಸಿಂಗ್‌ಗಳ ಆಯಿಲ್ ಇಳಿಸಿ. ಹಾಲಿನ ಬಣ್ಣ ಇದ್ದರೆ ನೀರು ಹೊಕ್ಕಿದೆ. ಹಳ್ಳ ದಾಟಿದ ಗಾಡಿಗಳಲ್ಲಿ ಇದು ಮಾಮೂಲು. ಬಿಸಿಯಾದ ಹೌಸಿಂಗ್ ನೀರಿಗಿಳಿದ ಕೂಡಲೇ ತಣ್ಣಗಾಗಿ ಸೀಲಿನ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ. ಆಯಿಲ್ ಸೀಲ್ ಬದಲಿಸಿ, ಉಸಿರು ರಂಧ್ರ ಬಿಡಿಸಿ. ಗೇರ್ ಬಾಕ್ಸಿಗೆ ಜಿಎಲ್-4 ದರ್ಜೆಯ 90 ನಂಬರ್ ಆಯಿಲ್ ಹಾಕಿ. ಜಿಎಲ್-5ರಲ್ಲಿರುವ ಗಂಧಕ ಹಿತ್ತಾಳೆ, ಕಂಚಿನ ಭಾಗಗಳಿಗೆ ಒಳ್ಳೆಯದಲ್ಲ.

ವೈರಿಂಗಿಗೆ ಕೈ ಹಾಕುವ ಮುಂಚೆ ವೋಲ್ಟ್ ತಿಳಿದುಕೊಳ್ಳಿ. ಯುದ್ಧಕಾಲದ ಜೀಪುಗಳು 6 ವೋಲ್ಟಿನವು, ಎಷ್ಟೋ ಸೇನಾ ಗಾಡಿಗಳು 24. ನಡುವೆ ಯಾರೋ 12 ಮಾಡಿರಬಹುದು. 6 ವೋಲ್ಟಿನಲ್ಲಿ ಕರೆಂಟು ದುಪ್ಪಟ್ಟು ಹರಿಯುತ್ತದೆ, ವೈರು ದಪ್ಪಗಿರಬೇಕು. ಲೈಟು ಮಂಕಾದರೆ ಡೈನಮೋ ಬೈಯುವ ಮುಂಚೆ ಅರ್ಥಿಂಗ್ ಜಾಗಗಳನ್ನು ಉಜ್ಜಿ ಬಿಗಿ ಮಾಡಿ, ಅರ್ಧ ರೋಗ ಅಲ್ಲೇ ಹೋಗುತ್ತದೆ. ಇಲಿ ಕಡಿದ ಹಳೇ ಬಟ್ಟೆ ವೈರಿಗೆ ಟೇಪು ಸುತ್ತುವ ಬದಲು ಪೂರಾ ಹೊಸತು ಎಳೆಸಿ, ಫ್ಯೂಸ್ ಹಾಕಿಸಿ.

ರಸ್ತೆಗೆ

ಮೊದಲ ಓಡಾಟ ಸಮತಟ್ಟು ಜಾಗದಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಜೊತೆಗೆ. ಇಂಜಿನ್ ಆಯಿಲ್ ಪ್ರೆಷರ್ ಏರದಿದ್ದರೆ ಕೂಡಲೇ ಬಂದ್ ಮಾಡಿ. ಸ್ವಲ್ಪ ಓಡಿಸಿ ನಿಲ್ಲಿಸಿ, ನಾಲ್ಕೂ ಹಬ್ ಮುಟ್ಟಿ ನೋಡಿ. ಒಂದೇ ಜಾಸ್ತಿ ಬಿಸಿಯಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. ವೀಲ್ ನಟ್ಟು, ಸ್ಪ್ರಿಂಗಿನ ಯು ಬೋಲ್ಟು ಮತ್ತೊಮ್ಮೆ ಬಿಗಿ ಮಾಡಿ. ನಾಲ್ಕೂ ಟೈರು ಒಂದೇ ಅಳತೆಯವಾಗಿರಲಿ. ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಬೇಡಿ. ಈ ಗಾಡಿಗಳಲ್ಲಿ ಮುಂದಿನ, ಹಿಂದಿನ ಶಾಫ್ಟಿನ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಒಂದನ್ನೊಂದು ಎಳೆದಾಡಿ ಗೇರ್ ಮುರಿಯುತ್ತದೆ. ಕೆಸರಿಗೆ ಇಳಿದಾಗ ಹಾಕಿ, ಮೇಲೆ ಬಂದ ಕೂಡಲೇ ತೆಗೆಯಿರಿ.

ಮಳೆಗಾಲಕ್ಕೆ ನಿಲ್ಲಿಸುವಾಗ ಬ್ಯಾಟರಿ ವೈರು ಬಿಚ್ಚಿ. ಪ್ಲಾಸ್ಟಿಕ್ ಟಾರ್ಪಾಲು ಬಿಗಿಯಾಗಿ ಸುತ್ತಬೇಡಿ, ಒಳಗೆ ಬೆವರಿ ತುಕ್ಕು ಹೆಚ್ಚಾಗುತ್ತದೆ. ಗಾಳಿಯಾಡುವ ಸೂರು ಸಾಕು. ಗಾಡಿಯ ಕೆಳಭಾಗಕ್ಕೆ ಕರಿ ಆಯಿಲ್ (ಬಳಸಿದ ಇಂಜಿನ್ ಆಯಿಲ್) ಹೊಡೆಯುವ ರೂಢಿ ಇದೆ. ಅದು ರಬ್ಬರು ಕೆಡಿಸುತ್ತದೆ, ಮೈಗೂ ಒಳ್ಳೆಯದಲ್ಲ. ಅದರ ಬದಲು ಪೊಳ್ಳು ಭಾಗಗಳ ಒಳಗೆ ಮೇಣದ ಸ್ಪ್ರೇ ಹೊಡೆಸಿ. ಕೊನೆಗೆ, ಕ್ಲಚ್ ಪೆಡಲ್ ಒತ್ತಿ ಸೀಟಿಗೂ ಅದಕ್ಕೂ ನಡುವೆ ಒಂದು ಗೂಟ ಕೊಡಿ. ಇಲ್ಲದಿದ್ದರೆ ತೇವಕ್ಕೆ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಅಂಟಿಕೊಂಡು, ಅಕ್ಟೋಬರಿನಲ್ಲಿ ಗೇರೇ ಬೀಳುವುದಿಲ್ಲ.